ಶಾಲು ಸಾಕು, ಲೆಕ್ಕ ಕೊಡಿ

ಮೊನ್ನೆ ಭಾನುವಾರ ಇಲ್ಲಿಯ ಕನ್ನಡ ಸಂಘವೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಮಕ್ಕಳ ಯಕ್ಷಗಾನ ಇತ್ತು, ಪ್ರತಿಭಾ ಪುರಸ್ಕಾರ ಇತ್ತು, ನಡುವೆ ‘ಹಿರಿಯ ಶ್ರಮಜೀವಿಗಳಿಗೆ ಸನ್ಮಾನ’ ಎಂಬ ಒಂದು ಕಾರ್ಯಕ್ರಮವೂ ಇತ್ತು. ಎಪ್ಪತ್ತು ದಾಟಿಯೂ ದುಡಿಯುತ್ತಿರುವ ಐದು ಜನರನ್ನು ವೇದಿಕೆಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟರು. ಮುಖ್ಯ ಅತಿಥಿಗಳು ಮೈಕ್ ಹಿಡಿದು, ‘ಇವರನ್ನು ನೋಡಿ ಕಲಿಯಬೇಕು, ನಿವೃತ್ತಿ ಎನ್ನುವುದು ಮನಸ್ಸಿಗೆ ಸಂಬಂಧಪಟ್ಟದ್ದು’ ಎಂದರು. ಭರ್ಜರಿ ಚಪ್ಪಾಳೆ. ನಾನೂ ತಟ್ಟಿದೆ.

ಆ ಐವರಲ್ಲಿ ಒಬ್ಬರು ನಮ್ಮ ಬಿಲ್ಡಿಂಗಿನ ರಾತ್ರಿ ವಾಚ್‌ಮನ್. ಕುಂದಾಪುರದ ಕಡೆಯವರು, ವಯಸ್ಸು ಎಪ್ಪತ್ತೊಂದು. ಹೆಸರು ಬೇಡ, ಎಲ್ಲರೂ ಕರೆಯುವ ಹಾಗೆ ಅಣ್ಣ ಅಂತಲೇ ಬರೆಯುತ್ತೇನೆ. ಚಪ್ಪಾಳೆ ಮುಗಿಯುವ ಮೊದಲೇ ಅವರು ವೇದಿಕೆಯಿಂದ ಇಳಿದು ಬಾಗಿಲ ಕಡೆ ಹೊರಟಿದ್ದರು. ‘ಊಟ ಮಾಡಿ ಹೋಗಿ ಅಣ್ಣಾ’ ಅಂದೆ. ‘ಎಂಟಕ್ಕೆ ಡ್ಯೂಟಿ ಉಂಟಲ್ಲ ಮಾರಾಯ್ರೆ, ತಡ ಆದ್ರೆ ಅರ್ಧ ದಿನ ಕಟ್ ಮಾಡ್ತಾರೆ’ ಅಂದರು. ಶಾಲನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿಕೊಂಡು ಸ್ಟೇಷನ್ ಕಡೆ ನಡೆದೇಬಿಟ್ಟರು.

ಆದರ್ಶ ಎಂದು ನಾವು ಚಪ್ಪಾಳೆ ತಟ್ಟಿದ ಮನುಷ್ಯನಿಗೆ ತನ್ನ ಸನ್ಮಾನದ ಊಟ ಉಣ್ಣುವಷ್ಟೂ ರಜೆ ಇರಲಿಲ್ಲ. ಆ ರಾತ್ರಿಯಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಒಬ್ಬ ಮನುಷ್ಯ ಎಪ್ಪತ್ತೊಂದರಲ್ಲಿ ಹನ್ನೆರಡು ತಾಸು ಗೇಟು ಕಾಯುವುದನ್ನು ನಾವು ‘ಸ್ವಾಭಿಮಾನ’ ಎಂದು ಹೊಗಳುವುದು ಯಾಕೆ? ಹಾಗೆ ಹೊಗಳಿದರೆ ಅವನಿಗೆ ಸಲ್ಲಬೇಕಾದದ್ದನ್ನು ಕೊಡದೇ ಇದ್ದದ್ದು ಯಾರು ಎಂದು ಯಾರೂ ಕೇಳುವುದಿಲ್ಲ, ಅದಕ್ಕೇ. ಕೊಡದವರು ಬೇರೆ ಯಾರೋ ಅಲ್ಲ. ನಾವೇ. ಅದರಲ್ಲೂ ನಾನು.

ಹೇಳುತ್ತೇನೆ ಕೇಳಿ.

ಅಣ್ಣ ಮುಂಬಯಿಗೆ ಬಂದದ್ದು 1970ರಲ್ಲಿ, ನಾನು 1972ರಲ್ಲಿ. ಇಬ್ಬರೂ ಮೀಸೆ ಮೂಡದ ಹುಡುಗರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅವರು ಮೋರಿಯಲ್ಲಿ ಕಪ್ಪು ಬಸಿ ತೊಳೆದು, ಆಮೇಲೆ ಬಾಹರ್‌ವಾಲಾ ಆಗಿ ಆಫೀಸುಗಳಿಗೆ ಚಹಾ ಹೊತ್ತು, ಕೊನೆಗೆ ಸಪ್ಲೈಯರ್ ಆದರು. ನಾನೂ ಮೋರಿಯಿಂದಲೇ ಶುರು ಮಾಡಿದವನು. ಆದರೆ ನನ್ನ ಅಕ್ಷರ ದುಂಡಗಿತ್ತು, ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಹಾಗಾಗಿ ಧಣಿಗಳು 1976ರಲ್ಲಿ ನನ್ನನ್ನು ಗಲ್ಲಾದ ಪಕ್ಕ ಕೂರಿಸಿ ಮಸ್ಟರ್ ಬರೆಯಲು ಹಚ್ಚಿದರು.

ಆ ಹೋಟೆಲಿನಲ್ಲಿ ಆಗ ಕೆಲಸಕ್ಕಿದ್ದವರು ಇಪ್ಪತ್ತಾರು ಜನ. ಮಸ್ಟರಿನಲ್ಲಿ ನಾನು ಬರೆಯುತ್ತಿದ್ದ ಹೆಸರು ಹತ್ತೊಂಬತ್ತು. ಯಾಕೆ ಗೊತ್ತೇ? 1952ರ ಭವಿಷ್ಯ ನಿಧಿ ಕಾಯ್ದೆ ಅನ್ವಯವಾಗುತ್ತಿದ್ದದ್ದು ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ. ಇಪ್ಪತ್ತನೆಯ ಹೆಸರು ಬರೆದರೆ ಪಿಎಫ್ ಕಟ್ಟಬೇಕು. ಬರೆಯದಿದ್ದರೆ ಏನೂ ಇಲ್ಲ. ಉಳಿದ ಏಳು ಜನರ ಪಗಾರ ಒಂದು ಕಚ್ಚಾ ನೋಟ್‌ಬುಕ್‌ನಲ್ಲಿ ಇರುತ್ತಿತ್ತು. ಇನ್‌ಸ್ಪೆಕ್ಟರ್ ಬರುವ ಸುದ್ದಿ ಸಿಕ್ಕಿದ ದಿನ ಆ ಏಳು ಹುಡುಗರಿಗೆ ದುಡ್ಡು ಕೊಟ್ಟು ಮ್ಯಾಟಿನಿಗೆ ಕಳಿಸುತ್ತಿದ್ದರು. ಅಣ್ಣ ಆ ಏಳರಲ್ಲಿ ಒಬ್ಬರು. ಈಗಲೂ ಗೇಟಿನ ಹತ್ತಿರ ಕುರ್ಚಿ ಹಾಕಿ ಮಾತಿಗೆ ಕೂತರೆ ನಗುತ್ತಾ ಹೇಳುತ್ತಾರೆ, ‘ಇನ್‌ಸ್ಪೆಕ್ಟರ್ ಬಂದ್ರೆ ನಮ್ಗೆ ಪಿಚ್ಚರ್!’

ಆ ಪಿಚ್ಚರಿನ ಟಿಕೆಟಿಗೆ ಅವರು ತೆತ್ತ ಬೆಲೆ ಏನೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ನಾನು ರಾತ್ರಿ ಶಾಲೆ, ರಾತ್ರಿ ಕಾಲೇಜು ಮುಗಿಸಿ 1981ರಲ್ಲಿ ಬ್ಯಾಂಕಿಗೆ ಸೇರಿದೆ. 1995ರಲ್ಲಿ ನಮಗೆ ಪಿಂಚಣಿ ಯೋಜನೆ ಬಂತು, 2017ರಲ್ಲಿ ನಿವೃತ್ತನಾದೆ. ಬೆಲೆ ಏರಿದಂತೆ ನನ್ನ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ. ನಾನು ಹೋದರೆ ಹೆಂಡತಿಗೆ ಕುಟುಂಬ ಪಿಂಚಣಿ. ಅದೇ ಮೋರಿಯಲ್ಲಿ ನನ್ನ ಜೊತೆ ಬಸಿ ತೊಳೆದವರು ನನ್ನ ಮಗನ ಕಾರಿಗೆ ಗೇಟು ತೆಗೆಯುತ್ತಾರೆ. ನಾನು ಅವರಿಗಿಂತ ಹೆಚ್ಚು ಬೆವರು ಸುರಿಸಿದ್ದೇನೆಯೇ? ಖಂಡಿತ ಇಲ್ಲ. ನನ್ನ ಹೆಸರು ಒಂದು ಪುಸ್ತಕದಲ್ಲಿ ಇತ್ತು, ಅವರದ್ದು ಇರಲಿಲ್ಲ.

ಇದು ಒಂದು ಹೋಟೆಲಿನ ಕತೆ ಅಂದುಕೊಳ್ಳಬೇಡಿ. ಅಣ್ಣ ಆಮೇಲೆ ನಾಲ್ಕು ಹೋಟೆಲು ಬದಲಿಸಿದರು. ಕೊನೆಯದರಲ್ಲಿ 21 ವರ್ಷ ದುಡಿದರು. ಅಲ್ಲಿ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಅವರ ಹೆಸರು ಹೊಡೆದು, ಹೊಸದಾಗಿ ಸೇರಿದಂತೆ ಬರೆಯುತ್ತಿದ್ದರಂತೆ. 1972ರ ಗ್ರಾಚ್ಯುಟಿ ಕಾಯ್ದೆಗೆ ಐದು ವರ್ಷದ ಸತತ ಸೇವೆ ಬೇಕಿತ್ತಲ್ಲ, ಅದಕ್ಕೆ. 2015ರಲ್ಲಿ ಹೋಟೆಲು ಮಾರಿದರು. ಆಗ ಅಣ್ಣನ ಪಗಾರ 9,000. ವರ್ಷಕ್ಕೆ ಹದಿನೈದು ದಿನದ ಪಗಾರ, ತಿಂಗಳಿಗೆ 26 ದಿನದ ಲೆಕ್ಕ. 21 ವರ್ಷಕ್ಕೆ ಎಷ್ಟಾಯಿತು? ಒಂದು ಲಕ್ಷ ಒಂಬತ್ತು ಸಾವಿರ ಚಿಲ್ಲರೆ. ಸಿಕ್ಕಿದ್ದು ಹತ್ತು ಸಾವಿರ ಮತ್ತು... ಹೌದು, ಒಂದು ಶಾಲು.

ಈಗ ಕೆಲವರು ನನ್ನ ಮೇಲೆ ಸಿಟ್ಟಾಗುತ್ತೀರಿ. ‘ನಮ್ಮ ಹೋಟೆಲಿನವರು ಎಷ್ಟು ಮಂದಿಗೆ ಅನ್ನ ಹಾಕಿದ್ದಾರೆ, ಅವರೂ ಮೋರಿಯಿಂದಲೇ ಮೇಲೆ ಬಂದವರು’ ಎನ್ನುತ್ತೀರಿ. ಒಪ್ಪುತ್ತೇನೆ. ನನ್ನ ಧಣಿಗಳು ನನ್ನ ಅಕ್ಕನ ಮದುವೆಗೆ ಬಡ್ಡಿ ಇಲ್ಲದೆ ಸಾಲ ಕೊಟ್ಟವರು, ಪರೀಕ್ಷೆಯ ದಿನ ರಜೆ ಕೊಟ್ಟವರು. ಕೆಟ್ಟ ಮನುಷ್ಯರಲ್ಲ. ಆದರೆ ಉಪಕಾರ ಬೇರೆ, ಹಕ್ಕು ಬೇರೆ. ಉಪಕಾರ ಧಣಿಯ ಮನಸ್ಸು ಇದ್ದಷ್ಟು ದಿನ, ಹೋಟೆಲು ಇದ್ದಷ್ಟು ದಿನ. ಹೋಟೆಲು ಮಾರಿದ ಮರುದಿನ ಅದಕ್ಕೆ ವಿಳಾಸವೇ ಇಲ್ಲ. ಪಿಎಫ್ ಖಾತೆಗೆ ಒಂದು ನಂಬರಾದರೂ ಇರುತ್ತದೆ.

ಇನ್ನು ಕೆಲವರು, ‘ಮಗ ನೋಡಿಕೊಳ್ಳಬೇಕಲ್ಲವೇ’ ಎನ್ನುತ್ತೀರಿ. ಪಾಲಕರ ಪೋಷಣೆಗೆಂದು 2007ರಲ್ಲಿ ಕಾಯ್ದೆಯೇ ಬಂದಿದೆ, ನಿಜ. ಆದರೆ ಅಣ್ಣನ ಮಗ ಬೆಂಗಳೂರಿನಲ್ಲಿ ಒಂದು ಹೋಟೆಲಿನಲ್ಲೇ ಇದ್ದಾನೆ. ಅವನಿಗೂ ಪಿಎಫ್ ಇಲ್ಲ. ಎರಡು ಮಕ್ಕಳು, ಮನೆ ಬಾಡಿಗೆ, ಊರಿನಲ್ಲಿ ತಾಯಿಯ ಔಷಧಿ. ಅವನನ್ನು ಕೋರ್ಟಿಗೆ ಎಳೆದರೆ ಬರುವುದೇನು?

ಸರಕಾರ ಇದೆಯಲ್ಲ ಎಂದರೆ, ಆ ಬಾಗಿಲನ್ನೂ ಅಣ್ಣನ ಜೊತೆ ನಾನೇ ತಟ್ಟಿ ಬಂದಿದ್ದೇನೆ. ಮಹಾರಾಷ್ಟ್ರದಲ್ಲಿ 65 ದಾಟಿದ ಬಡವರಿಗೆ ಶ್ರಾವಣಬಾಳ ಯೋಜನೆ ಇದೆ. 2023ರಲ್ಲಿ ಅದನ್ನು ತಿಂಗಳಿಗೆ 1,500ಕ್ಕೆ ಏರಿಸಿದರು. ಆದರೆ 15 ವರ್ಷ ಇಲ್ಲಿ ವಾಸವಾಗಿದ್ದಕ್ಕೆ ಪುರಾವೆ ಬೇಕು. ಐವತ್ತೈದು ವರ್ಷ ಈ ಊರಿನಲ್ಲಿ ಕಳೆದ ಮನುಷ್ಯನಲ್ಲಿ ಪುರಾವೆ ಇಲ್ಲ. ಹೋಟೆಲಿನ ಮಾಳಿಗೆಯಲ್ಲಿ, ಅಕ್ಕಿ ಚೀಲಗಳ ನಡುವೆ ಮಲಗಿದವನಿಗೆ ಲೈಟ್ ಬಿಲ್ ಯಾರು ಕೊಡುತ್ತಾರೆ? ಸರಿ, ಊರಿಗೆ ಹೋಗೋಣ ಅಂದರೆ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಇದೆ. 2021ರಲ್ಲಿ ಅದು 1,200 ಆಯಿತು. ಅದಕ್ಕೆ ಅಲ್ಲಿ ವಾಸವಿರಬೇಕು. ಊರಿನ ರೇಷನ್ ಕಾರ್ಡಿನಲ್ಲಿ ಅಣ್ಣನ ಹೆಸರು ಎಂದೋ ಹೋಗಿದೆ. ಅಲ್ಲಿ ಮುಂಬಯಿಯವನು, ಇಲ್ಲಿ ಊರಿನವನು. ಕೇಂದ್ರದ ವೃದ್ಧಾಪ್ಯ ವೇತನದ ಪಾಲಂತೂ ಕೇಳಲೇಬೇಡಿ. 2007ರಲ್ಲಿ ತಿಂಗಳಿಗೆ 200 ರೂಪಾಯಿ ಇದ್ದದ್ದು 2024ರಲ್ಲೂ, ಎಂಬತ್ತು ತುಂಬದವರಿಗೆ, 200 ರೂಪಾಯಿಯೇ.

ಅಸಂಘಟಿತ ಕಾರ್ಮಿಕರಿಗೆ ಹೊಸ ಯೋಜನೆಗಳು ಬಂದವಲ್ಲ ಎನ್ನಬಹುದು. 2015ರ ಅಟಲ್ ಪಿಂಚಣಿ, 2019ರ ಶ್ರಮಯೋಗಿ ಮಾನಧನ್, ಎರಡಕ್ಕೂ ಸೇರುವ ವಯಸ್ಸು 18ರಿಂದ 40. ಮೊದಲನೆಯದು ಬರುವಾಗಲೇ ಅಣ್ಣನಿಗೆ ಅರವತ್ತು. ಮುಂದಿನವರಿಗೆ ಛತ್ರಿ ಕೊಟ್ಟರು, ಮಳೆಯಲ್ಲಿ ಆಗಲೇ ನೆನೆದು ನಿಂತವರಿಗೆ ಏನೂ ಇಲ್ಲ.

ಪಿಎಫ್ ಇದ್ದಿದ್ದರೆ ಅಣ್ಣ ರಾಜನ ಹಾಗೆ ಇರುತ್ತಿದ್ದರೇ? ಅದೂ ಇಲ್ಲ. ಅದರ ಜೊತೆಗಿನ 1995ರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತವನ್ನು 2014ರಲ್ಲಿ 1,000 ರೂಪಾಯಿ ಎಂದು ನಿಗದಿ ಮಾಡಿ, ಹತ್ತು ವರ್ಷ ಕಳೆದರೂ ಅಲ್ಲೇ ಬಿಟ್ಟಿದ್ದರು. ನನಗಿರುವ ತುಟ್ಟಿಭತ್ಯೆ ಅದಕ್ಕಿಲ್ಲ. ತೊಗರಿಬೇಳೆಯ ಬೆಲೆ ಬ್ಯಾಂಕಿನವನಿಗೆ ಒಂದು, ಸಪ್ಲೈಯರನಿಗೆ ಒಂದು ಇರುತ್ತದೆಯೇ? ಆದರೂ ಪಿಎಫಿನ ಇಡಿಗಂಟು ಸಿಗುತ್ತಿತ್ತು, ತಿಂಗಳಿಗೆ ಏನೋ ಒಂದಿಷ್ಟು ಬರುತ್ತಿತ್ತು, ಹನ್ನೆರಡು ತಾಸಿನ ರಾತ್ರಿ ಪಾಳಿಗೆ ‘ಆಗೋದಿಲ್ಲ’ ಎನ್ನುವ ಧೈರ್ಯ ಬರುತ್ತಿತ್ತು. ವಯಸ್ಸಾದವರು ದುಡಿಯಬಾರದು ಎಂದು ನಾನು ಹೇಳುತ್ತಿಲ್ಲ. ಇಷ್ಟವಿದ್ದವರು ನೂರು ವರ್ಷ ದುಡಿಯಲಿ. ಆದರೆ ಬೇಡ ಎನ್ನುವ ದಾರಿ ಇದ್ದಾಗ ಮಾತ್ರ ದುಡಿಮೆ ಸ್ವಾಭಿಮಾನ. ಆ ದಾರಿ ಇಲ್ಲದಿದ್ದರೆ ಅದು ಹೊಟ್ಟೆಪಾಡು, ಅಷ್ಟೇ.

ಅಣ್ಣ ಒಬ್ಬರೇ ಅಲ್ಲ. ನಮ್ಮ ದೇವನಾರ್‌ನಲ್ಲೇ ಇರುವ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಸೇರಿ 2023ರಲ್ಲಿ ತಂದ ವರದಿಯ ಪ್ರಕಾರ, 2022ರಲ್ಲಿ ದೇಶದಲ್ಲಿ ಅರವತ್ತು ದಾಟಿದವರು 14.9 ಕೋಟಿ. 2050ಕ್ಕೆ ಅದು 34.7 ಕೋಟಿ ಆಗುತ್ತದಂತೆ. ಈಗಲೇ ಅವರಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಯಾವ ಆದಾಯವೂ ಇಲ್ಲ. ಅಷ್ಟು ಜನಕ್ಕೆ ಹೊದಿಸಲು ಶಾಲು ಎಲ್ಲಿಂದ ತರುತ್ತೀರಿ?

ನನ್ನ ಎರಡನೇ ತಪ್ಪು ಈಗಿನದು. ನಾನು ನಮ್ಮ ಸೊಸೈಟಿಯ ಕಮಿಟಿಯಲ್ಲಿದ್ದೇನೆ. ವಾಚ್‌ಮನ್ ಏಜೆನ್ಸಿ ಆರಿಸುವಾಗ ಮೂರು ಕೊಟೇಶನ್ ಬಂದವು, ಎಲ್ಲಕ್ಕಿಂತ ಕಡಿಮೆಯದಕ್ಕೆ ಸಹಿ ಹಾಕಿದೆವು. ಪಿಎಫ್ ಕಟ್ಟಿದ ಚಲನ್ ತೋರಿಸಿ ಎಂದು ಯಾರೂ ಕೇಳಲಿಲ್ಲ. ಮಸ್ಟರ್ ಬರೆದ ಕೈಯೇ ಮತ್ತೆ ಸಹಿ ಹಾಕಿತು ನೋಡಿ! ಕಳೆದ ಮೀಟಿಂಗಿನಲ್ಲಿ ಈ ಮಾತು ಎತ್ತಿದೆ. ಪಿಎಫ್‌ಗೆ ಮೇಲಿನ ವಯಸ್ಸಿನ ಮಿತಿ ಇಲ್ಲ, ಎಪ್ಪತ್ತೊಂದಕ್ಕೂ ಕಟ್ಟಬಹುದು ಎಂದೆ. ‘ಮೇಂಟೆನೆನ್ಸ್ ಏರುತ್ತದೆ ಸಾಹೇಬ್ರೇ’ ಅಂದರು. ಅಲ್ಲೇ ಲೆಕ್ಕ ಮಾಡಿ ತೋರಿಸಿದೆ. ಇಬ್ಬರು ವಾಚ್‌ಮನ್, ತಲಾ 12,000 ಪಗಾರ, ಮಾಲೀಕರ ಪಾಲು ಎಲ್ಲ ಖರ್ಚು ಸೇರಿ ಸುಮಾರು ನೂರಕ್ಕೆ 13. ತಿಂಗಳಿಗೆ 3,120. ನಲವತ್ತು ಫ್ಲ್ಯಾಟಿಗೆ ಹಂಚಿದರೆ ತಲಾ 78 ರೂಪಾಯಿ. ಒಂದು ಮಸಾಲೆ ದೋಸೆಯ ಖರ್ಚು. ‘ಮುಂದಿನ ಮೀಟಿಂಗಿಗೆ ನೋಡೋಣ’ ಎಂದು ಬರೆದುಕೊಂಡರು.

ಮಸ್ಟರಿನ ವಿಷಯ ಅಣ್ಣನಿಗೆ ಒಂದು ರಾತ್ರಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೀವೂ ಆಗ ಹುಡುಗನೇ ಅಲ್ದಾ’ ಎಂದು ಟಾರ್ಚ್ ಎತ್ತಿಕೊಂಡು ಸುತ್ತು ಹಾಕಲು ಹೋದರು. ಅವರು ಬಿಟ್ಟುಕೊಟ್ಟರೂ ಲೆಕ್ಕ ಚುಕ್ತಾ ಆಗುವುದಿಲ್ಲ.

ಆದ್ದರಿಂದ ಸಂಘದವರಲ್ಲಿ ನನ್ನ ವಿನಂತಿ. ಮುಂದಿನ ವರ್ಷ ಶಾಲು ಬೇಡ. ಆ ದುಡ್ಡಿನಲ್ಲಿ ಭಾನುವಾರ ಭಾನುವಾರ ಒಂದು ಮೇಜು ಹಾಕಿ. ನಮ್ಮ ಹಿರಿಯರ ವಾಸದ ಪುರಾವೆ, ಪಿಂಚಣಿ ಅರ್ಜಿ, ಹಳೆಯ ಪಿಎಫ್ ಹುಡುಕುವ ಕೆಲಸ ಅಲ್ಲಿ ಆಗಲಿ. ಫಾರಂ ತುಂಬಲು ನಾನು ಬರುತ್ತೇನೆ, ಅಕ್ಷರ ಇನ್ನೂ ದುಂಡಗಿದೆ. ವೇದಿಕೆ ಹತ್ತುವ ಹೋಟೆಲ್ ಮಾಲೀಕರಲ್ಲೂ ಒಂದು ಪ್ರಶ್ನೆ. ನಿಮ್ಮಲ್ಲಿ ದುಡಿಯುವವರು ಎಷ್ಟು, ಮಸ್ಟರಿನಲ್ಲಿ ಇರುವವರು ಎಷ್ಟು?

ಓದುತ್ತಿರುವ ನೀವು ಪುಣೆಯಲ್ಲಿರಿ, ಚೆನ್ನೈಯಲ್ಲಿರಿ, ಇವತ್ತು ಮನೆಗೆ ಹೋಗುವಾಗ ಗೇಟಿನಲ್ಲಿ ಎರಡು ನಿಮಿಷ ನಿಲ್ಲಿ. ಅಲ್ಲಿ ಕೂತವರ ವಯಸ್ಸೆಷ್ಟು, ಪಿಎಫ್ ಉಂಟೋ ಇಲ್ಲವೋ ಕೇಳಿ. ನಮ್ಮ ಸೊಸೈಟಿಯ ಮೀಟಿಂಗು ಮುಂದಿನ ತಿಂಗಳು. 78 ರೂಪಾಯಿಯ ಮಾತು ನಾನು ಮತ್ತೆ ಎತ್ತುವವನಿದ್ದೇನೆ.