ಲಾಭ ಎಂದು ಕರೆಯಬೇಡಿ

2025ರ ಯುಗಾದಿ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಗೆಳೆಯರೊಬ್ಬರು ತಟ್ಟೆಯನ್ನು ಎಡಗೈಗೆ ಬದಲಿಸಿಕೊಂಡು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಬೆಳ್ಳಿ ಬಣ್ಣದ ಬಿಎಂಡಬ್ಲ್ಯೂ ಎಂ3, 2004ರ ಗಾಡಿ. ಮುಂದಿನ ಬಂಪರಿಲ್ಲ, ಎಡಗಡೆಯ ಮಡ್‌ಗಾರ್ಡಿಲ್ಲ, ಒಂದು ಹೆಡ್‌ಲೈಟಿಲ್ಲ. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. "ಆಡಿಟ್ರೇ, ಎಂಟೂವರೆ ಸಾವಿರ ಪೌಂಡು ಕೇಳ್ತಿದ್ದಾರೆ. ಸರಿ ಮಾಡಿದರೆ ಹದಿನೆಂಟಕ್ಕೆ ಹೋಗುತ್ತೆ. ನಿಮಗೆ ಇದರ ಹುಚ್ಚು ಇದೆ ಅಂತ ಗೊತ್ತು. ಇದು ಖರ್ಚಲ್ಲ ರೀ, ಇನ್ವೆಸ್ಟ್‌ಮೆಂಟು" ಎಂದರು.

ಈ ಲೇಖನ ಆ ಕೊನೆಯ ಪದದ ಮೇಲಿನ ಜಗಳ. ಇಪ್ಪತ್ತು ವರ್ಷಗಳಿಂದ ಮಂದಿ ಖರ್ಚನ್ನು ಆಸ್ತಿಯೆಂದು ಬರೆದುಕೊಳ್ಳುವುದನ್ನು ತಡೆಯುವುದೇ ನನ್ನ ಕಸುಬು. ಕಂಪನಿಯೊಂದು ಹಾಗೆ ಬರೆದರೆ ನಾನು ಸಹಿ ಹಾಕುವುದಿಲ್ಲ. ಆದರೆ ಅದೇ ಕೆಲಸವನ್ನು ನಾವು ಗ್ಯಾರೇಜಿನಲ್ಲಿ ಮಾಡಿದರೆ ಜಾಣತನ ಎನ್ನಿಸಿಕೊಳ್ಳುತ್ತದೆ. ನನ್ನ ವಾದ ಇಷ್ಟೆ: ಅಪಘಾತವಾದ ವೇಗದ ಕಾರನ್ನು ಕೊಂಡು ಸರಿಮಾಡುವುದು ತಪ್ಪಲ್ಲ. ಅದನ್ನು ಲಾಭದ ವ್ಯವಹಾರ ಎಂದು ಕರೆಯುವುದು ಸುಳ್ಳು ಲೆಕ್ಕ. ಆ ಸುಳ್ಳು ಕಾಗದದ ಮೇಲೆ ಉಳಿಯುವುದಿಲ್ಲ, ಕೊನೆಗೆ ಇನ್ನೊಬ್ಬರ ಪ್ರಾಣದ ಮೇಲೆ ಬರುತ್ತದೆ.

ಮೊದಲು ನನ್ನ ತಪ್ಪೊಪ್ಪಿಗೆ. ಆ ಮಾದರಿಯ ಕಾರಿನ ಮೇಲೆ ನನಗೆ ಆಸೆ ಇದೆ. ಇ46 ಎಂದು ಕರೆಯುವ ಆ ತಲೆಮಾರಿನ ಎಂ3 2000ದಿಂದ 2006ರವರೆಗೆ ತಯಾರಾಯಿತು. 3.2 ಲೀಟರಿನ ಸಾಲು ಆರು ಸಿಲಿಂಡರ್, ಟರ್ಬೋ ಇಲ್ಲ, 343 ಅಶ್ವಶಕ್ತಿ, ನಿಮಿಷಕ್ಕೆ 8,000 ಸುತ್ತು ಮುಟ್ಟುವ ಎಂಜಿನ್. ಕಂಪ್ಯೂಟರ್ ಎಲ್ಲವನ್ನೂ ತಾನೇ ಮಾಡುವ ಕಾಲಕ್ಕೆ ಮುಂಚಿನದು. ಆ ಕಾಲದಲ್ಲಿ ನಾನು ಆರ್ಟಿಕಲ್‌ಶಿಪ್ ಮಾಡುತ್ತಾ ಬೆಂಗಳೂರಿನ ಬಸ್ಸುಗಳಲ್ಲಿ ನೇತಾಡುತ್ತಿದ್ದೆ. ಆಸೆಗೆ ಅಷ್ಟು ಕಾರಣ ಸಾಕು. ಆದರೆ ನಲವತ್ತು ದಾಟಿದ, ಮನೆ ಸಾಲವಿರುವ, ಮಗಳನ್ನು ಕಾಲೇಜಿಗೆ ಕಳಿಸಬೇಕಾದ ಮನುಷ್ಯ "ಆಸೆ" ಎಂದು ಹೇಳಿ ಹಣ ತೆಗೆಯಲು ನಾಚುತ್ತಾನೆ. "ಹೂಡಿಕೆ" ಎಂದು ಹೇಳಿ ತೆಗೆಯುತ್ತಾನೆ. ಆ ರಾತ್ರಿ ನಾನು ಮಾಡಿದ್ದೂ ಅದನ್ನೇ.

ನನ್ನ ಮೊದಲ ಶೀಟು ಹೀಗಿತ್ತು. ಕಾರು 8,500 ಪೌಂಡು. ಬಿಡಿಭಾಗ 3,200. ಬಣ್ಣ 1,800. ಇತರೆ 500. ಒಟ್ಟು 14,000. ಮಾರಾಟ ಬೆಲೆ 18,000. ಲಾಭ 4,000. ಹೆಂಡತಿಗೆ ತೋರಿಸಿದೆ. ಅವಳು ಲೆಕ್ಕ ಓದಿದವಳಲ್ಲ. "ಇದರಲ್ಲಿ ನಿಮ್ಮ ಶನಿವಾರ, ಭಾನುವಾರ ಎಲ್ಲಿದೆ?" ಎಂದು ಮಾತ್ರ ಕೇಳಿದಳು. ನನ್ನ ಕೆಲಸದ ಗಂಟೆಗೆ ನಾನು ಸೊನ್ನೆ ಹಾಕಿದ್ದೆ. ಸೊನ್ನೆ ಎಂದು ಬರೆದೂ ಇರಲಿಲ್ಲ, ಆ ಸಾಲನ್ನೇ ಹಾಕಿರಲಿಲ್ಲ.

ಊರಿನ ಓದುಗರಿಗಾಗಿ ಇಲ್ಲಿನ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಬ್ರಿಟನ್ನಿನಲ್ಲಿ ವಿಮಾ ಕಂಪನಿ ಒಂದು ಕಾರನ್ನು ಕೈಬಿಟ್ಟಾಗ ಅದಕ್ಕೊಂದು ಅಕ್ಷರ ಕೊಡುತ್ತದೆ. 2017ರ ಅಕ್ಟೋಬರಿನಿಂದ ಈ ಅಕ್ಷರಗಳು ಎ, ಬಿ, ಎಸ್, ಎನ್. ಎ ಎಂದರೆ ಇಡೀ ಗಾಡಿ ಪುಡಿಯಾಗಬೇಕು, ಒಂದು ಬೋಲ್ಟೂ ಹೊರಬರಕೂಡದು. ಬಿ ಎಂದರೆ ಭಾಗಗಳನ್ನು ಬಿಚ್ಚಿಕೊಳ್ಳಬಹುದು, ಬಾಡಿ ಪುಡಿಯಾಗಬೇಕು. ಎಸ್ ಎಂದರೆ ಗಾಡಿಯ ಮೂಲ ಚೌಕಟ್ಟಿಗೆ ಪೆಟ್ಟಾಗಿದೆ, ಸರಿಮಾಡಿ ರಸ್ತೆಗಿಳಿಸಬಹುದು. ಎನ್ ಎಂದರೆ ಚೌಕಟ್ಟಿಗೆ ಪೆಟ್ಟಿಲ್ಲ. ಹಾಗೆಂದು ಎನ್ ಕಾರಿಗೆ ಬರೀ ಗೀರು ಎಂದುಕೊಳ್ಳಬೇಡಿ. ಅದರ ಸ್ಟೀರಿಂಗಿಗೋ ಬ್ರೇಕಿಗೋ ಪೆಟ್ಟಾಗಿರಬಹುದು. ನನಗೆ ತೋರಿಸಿದ ಕಾರು ಎಸ್.

ವಿಮಾ ಕಂಪನಿ ಏಕೆ ಕೈಬಿಟ್ಟಿತು? ಅಲ್ಲೂ ನನ್ನಂಥ ಲೆಕ್ಕಿಗನೊಬ್ಬ ಕೂತಿದ್ದಾನೆ. ರಿಪೇರಿ ವೆಚ್ಚ, ಅಷ್ಟು ದಿನ ಮಾಲೀಕನಿಗೆ ಕೊಡಬೇಕಾದ ಬದಲಿ ಕಾರಿನ ಬಾಡಿಗೆ ಇವನ್ನು ಒಂದು ಕಡೆ ಇಟ್ಟು, ಕಾರಿನ ಪೇಟೆ ಬೆಲೆಯನ್ನೂ ಗುಜರಿಗೆ ಹಾಕಿದರೆ ಬರುವ ಹಣವನ್ನೂ ಇನ್ನೊಂದು ಕಡೆ ಇಟ್ಟು ತೂಗಿದ್ದಾನೆ. ಅವನು ಮೂರ್ಖನಲ್ಲ. ಅವನು ಬಿಟ್ಟ ಜಾಗದಲ್ಲಿ ನಮಗೆ ಲಾಭ ಸಿಗಬೇಕಾದರೆ ಅದಕ್ಕೆ ಮೂರೇ ದಾರಿ. ಒಂದು, ಹೊಸ ಭಾಗಗಳ ಬದಲು ಹಳೆಯವನ್ನು ಹಾಕುವುದು. ಎರಡು, ಕೆಲಸವನ್ನು ಪುಕ್ಕಟೆ ನಾವೇ ಮಾಡುವುದು. ಮೂರು, ಮಾಡಬೇಕಾದ ಕೆಲಸವನ್ನು ಮಾಡದಿರುವುದು. ಮೊದಲ ಎರಡು ಪ್ರಾಮಾಣಿಕ. ಅವೆರಡು ಸಾಲದೆ ಹೋದಾಗ ಮೂರನೆಯದು ಬರುತ್ತದೆ.

ವೇಗದ ಕಾರುಗಳಲ್ಲಿ ಅವೆರಡು ಬಹುಬೇಗ ಸಾಲದೆ ಹೋಗುತ್ತವೆ. ಹಳೆಯ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಇಪ್ಪತ್ತು ವರ್ಷದ ಎಂ3ಗೆ ಬೇಕಾದ ಬ್ರೇಕು, ಸಸ್ಪೆನ್ಷನ್, ಎಂಜಿನ್ ಭಾಗಗಳು ಇಂದಿಗೂ ಶ್ರೀಮಂತರ ಕಾರಿನ ಭಾಗಗಳೇ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಜತೆಗೆ ಈ ಕಾರನ್ನು ಕೊಂಡವರು ಯಾರೂ ತರಕಾರಿ ತರಲು ಮಾತ್ರ ಓಡಿಸಿರುವುದಿಲ್ಲ. ಎಂಜಿನ್ನಿನ ಕನೆಕ್ಟಿಂಗ್ ರಾಡ್ ಬೇರಿಂಗುಗಳು, ಹಿಂಬದಿಯ ಸಬ್‌ಫ್ರೇಮ್ ಕೂರುವ ತಗಡಿನಲ್ಲಿ ಬೀಳುವ ಬಿರುಕು, ಈ ಮಾದರಿಯನ್ನು ಬಲ್ಲವರು ಮೊದಲು ನೋಡುವ ಜಾಗಗಳು ಇವು. ಅಪಘಾತವೇ ಆಗದ ಕಾರಿನಲ್ಲೂ ಇವನ್ನು ನೋಡಬೇಕು. ಮೂತಿ ಜಜ್ಜಿದ ಕಾರಿನಲ್ಲಿ ಎಲ್ಲರ ಕಣ್ಣೂ ಮೂತಿಯ ಮೇಲೇ ಇರುತ್ತದೆ.

ಆದರೂ ನೋಡಲು ಹೋದೆ. ನಮ್ಮ ಪಕ್ಕದ ಬೀದಿಯ ಪಂಜಾಬಿ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆ. ಬಾಡಿಶಾಪ್ ನಡೆಸಿ ನಿವೃತ್ತರಾದವರು. ಮಾರುವವನು ಜಾಹೀರಾತಿನಲ್ಲಿ "ಕಷ್ಟದ ಕೆಲಸ ಮುಗಿದಿದೆ, ಬೋಲ್ಟ್ ಹಾಕುವುದಷ್ಟೇ ಬಾಕಿ" ಎಂದಿದ್ದ. ಹಿರಿಯರು ಎಂಜಿನ್ ಶಬ್ದ ಕೇಳಲೂ ಇಲ್ಲ. ಬಾನೆಟ್ಟಿನ ಬೋಲ್ಟುಗಳ ತಲೆಯ ಮೇಲೆ ಬಣ್ಣ ಕಿತ್ತಿದೆಯೇ ನೋಡಿದರು. ಬಾಗಿಲ ಸಂದು ಮೇಲೆ ಕೆಳಗೆ ಒಂದೇ ಅಗಲವಿದೆಯೇ ಎಂದು ಬೆರಳಾಡಿಸಿದರು. ಟಾರ್ಚ್ ಹಿಡಿದು ಕೆಳಗೆ ಮಲಗಿ ಚಾಸಿಯ ಎಡಗಾಲನ್ನು ತೋರಿಸಿದರು. ಬಾಗಿದ್ದನ್ನು ಕತ್ತರಿಸಿ ಇನ್ನೊಂದು ತುಂಡು ಬೆಸೆದಿದ್ದರು. ಬೆಸುಗೆ ಗಂಟುಗಂಟಾಗಿತ್ತು, ಅದರ ಮೇಲೆ ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರು.

ಆಮೇಲೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಲು ಹೇಳಿದರು. ಏರ್‌ಬ್ಯಾಗಿನ ಎಚ್ಚರಿಕೆ ದೀಪ ಕೀಲಿ ತಿರುಗಿಸಿದಾಗ ಕೆಲವು ಕ್ಷಣ ಹತ್ತಿ ಆರಬೇಕು. ಇಲ್ಲಿ ಅದು ಹತ್ತಲೇ ಇಲ್ಲ. ಸ್ಟೀರಿಂಗಿನ ನಡುವಿನ ಮುಚ್ಚಳ ಅಂಟಿನಿಂದ ನಿಂತಿತ್ತು. ಪಕ್ಕದ ಸೀಟಿನ ಎದುರಿಗೆ ಡ್ಯಾಶ್‌ಬೋರ್ಡನ್ನು ಪುಟ್ಟಿ ಹಾಕಿ ನುಣುಪು ಮಾಡಿ ಬಣ್ಣ ಹೊಡೆದಿದ್ದರು. ಸೀಟ್ ಬೆಲ್ಟ್ ಎಳೆದರೆ ಜೋತುಬಿದ್ದು ಹಾಗೇ ಉಳಿಯಿತು. ಅಪಘಾತದಲ್ಲಿ ಒಮ್ಮೆ ಸಿಡಿದ ಬೆಲ್ಟ್ ಅದು, ಇನ್ನೊಮ್ಮೆ ಹಿಡಿಯುವುದಿಲ್ಲ. ಆ ಪಕ್ಕದ ಸೀಟಿನಲ್ಲಿ ಕೂರುವವಳು ನನ್ನ ಮಗಳು. ಹದಿನಾರು ವರ್ಷ. ಕಾರು ಬಂದರೆ ಮೊದಲ ಸವಾರಿ ತನ್ನದೇ ಎಂದು ಆಗಲೇ ಹೇಳಿಟ್ಟಿದ್ದಳು.

ಮನೆಗೆ ಬಂದು ಎರಡನೆಯ ಶೀಟು ಮಾಡಿದೆ. ಮೊದಲಿನ 14,000ಕ್ಕೆ, ಭಾಗಗಳಿಗೂ ಬಣ್ಣಕ್ಕೂ ನಾನು ಮರೆತಿದ್ದ ಶೇ. 20 ವ್ಯಾಟ್ ಸೇರಿಸಿದರೆ 15,000. ಖಾಸಗಿ ಮನುಷ್ಯನಿಗೆ ಆ ವ್ಯಾಟ್ ಹಿಂದಿರುಗಿ ಬರುವುದಿಲ್ಲ. ಕೆಟ್ಟ ಬೆಸುಗೆ ಕಿತ್ತು ಚಾಸಿಯನ್ನು ಜಿಗ್ ಮೇಲೆ ಅಳೆದು ಮತ್ತೆ ಕಟ್ಟಲು 1,500. ಏರ್‌ಬ್ಯಾಗು, ಬೆಲ್ಟು, ಡ್ಯಾಶ್‌ಬೋರ್ಡಿಗೆ 1,400. ಬೇರಿಂಗು ಮತ್ತು ಹಿಂಬದಿಯ ತಗಡಿನ ಕೆಲಸ 1,030. ಸಲಕರಣೆ 600. ಸಾಗಣೆ 250. ಎಂಟು ತಿಂಗಳ ಗ್ಯಾರೇಜ್ ಬಾಡಿಗೆ 720. ಒಟ್ಟು 20,500. ಇನ್ನು ಮಾರಾಟ ಬೆಲೆ: ಎಸ್ ಎಂಬ ಅಕ್ಷರ ಅದರ ದಾಖಲೆಯಿಂದ ಎಂದಿಗೂ ಹೋಗುವುದಿಲ್ಲ. 18,000ದಲ್ಲಿ ಶೇ. 30 ಕಳೆದು 12,600 ಹಿಡಿದೆ. ನಷ್ಟ 7,900. ಹೆಂಡತಿ ಕೇಳಿದ ಸಾಲನ್ನೂ ಸೇರಿಸಿದೆ. 200 ಗಂಟೆ, ಈ ದೇಶದ ಆ ವರ್ಷದ ಕನಿಷ್ಠ ವೇತನ ಗಂಟೆಗೆ 12.21 ಪೌಂಡಿನಂತೆ 2,442. ಎಲ್ಲ ಸೇರಿ 10,342 ಪೌಂಡು ನಷ್ಟ.

ಹಾಗಾದರೆ ಅದೇ ಕಾರನ್ನು ನನ್ನ ಮೊದಲು ಕೊಂಡಿದ್ದವನು ಏನು ಮಾಡಿದ? ಅವನ ಶೀಟೂ ನನ್ನ ಮೊದಲ ಶೀಟಿನಂತೆಯೇ ಇದ್ದಿರಬೇಕು. ನಡುದಾರಿಯಲ್ಲಿ ಲಾಭ ಕರಗುವುದು ಕಂಡಿದೆ. ಆಗ ಉಳಿಸಿದ್ದೆಲ್ಲಿ? ಹೊರಗಿನ ಬಣ್ಣದಲ್ಲಿ ಉಳಿಸುವಂತಿಲ್ಲ, ಅದು ಕಣ್ಣಿಗೆ ಕಾಣುತ್ತದೆ. ಚಕ್ರದಲ್ಲಿ ಉಳಿಸುವಂತಿಲ್ಲ. ಕಾಣದ ಬೆಸುಗೆಯಲ್ಲಿ, ಕಾಣದ ಏರ್‌ಬ್ಯಾಗಿನಲ್ಲಿ, ದೀಪದ ತಂತಿಯಲ್ಲಿ ಉಳಿಸಿದ. ಅವನು ಹುಟ್ಟು ಮೋಸಗಾರ ಎಂದು ನಾನು ಹೇಳುತ್ತಿಲ್ಲ. ಲಾಭ ಬರಲೇಬೇಕು ಎಂದು ಹೊರಟವನ ಕೈ ಕೊನೆಗೆ ತಲುಪುವ ಜಾಗ ಅದೇ ಎನ್ನುತ್ತಿದ್ದೇನೆ. "ಇನ್ವೆಸ್ಟ್‌ಮೆಂಟು" ಎಂಬ ಪದದ ಮೇಲೆ ನನ್ನ ಸಿಟ್ಟು ಇದಕ್ಕೆ.

ಕಾನೂನು ಹಿಡಿಯುತ್ತದೆ ಎನ್ನಬೇಡಿ. ಅಪಘಾತದ ಕಾರುಗಳ ಗುರುತು ಪರೀಕ್ಷಿಸುತ್ತಿದ್ದ ಸರ್ಕಾರಿ ತಪಾಸಣೆಯೊಂದಿತ್ತು, 2015ರಲ್ಲಿ ಅದನ್ನೂ ನಿಲ್ಲಿಸಿದರು. ಅದೂ ಕದ್ದ ಗಾಡಿಗಳನ್ನು ಹಿಡಿಯಲು ಇದ್ದದ್ದು, ರಿಪೇರಿಯ ಗುಣ ನೋಡಲು ಅಲ್ಲ. ವರ್ಷಕ್ಕೊಮ್ಮೆಯ ಎಂಒಟಿ ಪರೀಕ್ಷೆಯಲ್ಲಿ ಭಾಗ ಬಿಚ್ಚಿ ನೋಡುವುದಿಲ್ಲ. ಎಸ್ ಕಾರನ್ನು ಸರಿಮಾಡಿದವನ ಕೆಲಸವನ್ನು ಬೇರೊಬ್ಬರು ಅಳೆದು ನೋಡಲೇಬೇಕೆಂಬ ಕಡ್ಡಾಯ ಇಲ್ಲಿಲ್ಲ. ಇರಬೇಕು.

ಊರಿನಲ್ಲಿ ಇಷ್ಟೂ ಇಲ್ಲ. ಭಾರತದಲ್ಲಿ ರಿಪೇರಿ ವೆಚ್ಚ ಗಾಡಿಯ ಐಡಿವಿಯ ಶೇ. 75 ಮೀರಿದರೆ ಟೋಟಲ್ ಲಾಸ್ ಎನ್ನುತ್ತಾರೆ. ಆಮೇಲೆ ಆ ಗಾಡಿ ಹರಾಜಿಗೆ ಹೋಗಬಹುದು. ಕೊಳ್ಳುವವನು ನೋಡಿ ತಿಳಿಯಲು ಎಸ್, ಎನ್ ಎಂಬ ಅಕ್ಷರಗಳಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತಿದ್ದ ಚಿತ್ರ ನಾವೆಲ್ಲ ನೋಡಿದ್ದೇವೆ. ನೀರು ಕುಡಿದ ಗಾಡಿಯ ತಂತಿಗಳು ಒಂದೇ ದಿನದಲ್ಲಿ ಕೆಡುವುದಿಲ್ಲ, ತುಕ್ಕು ನಿಧಾನ ಬರುತ್ತದೆ. ಅರ್ಧ ಬೆಲೆಗೆ ಆಡಿ ಸಿಕ್ಕಿತು ಎಂದು ಭಾವಮೈದನೊಬ್ಬ ಸಂತೋಷದಿಂದ ಫೋನು ಮಾಡಿದಾಗ ನಾನು ಮೊದಲು ಕೇಳುವುದು ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ನೋಡಿದೆಯಾ ಎಂದು.

ನನ್ನ ವಾದಕ್ಕೆ ಎದುರು ವಾದಗಳಿವೆ. ಹಳೆಯ ಎಂ3ಗಳ ಬೆಲೆ ಏರುತ್ತಿದೆಯಲ್ಲ ಎನ್ನುತ್ತಾರೆ. ಏರುವುದು ಕಲೆಯಿಲ್ಲದ, ದಾಖಲೆ ಪೂರ್ತಿ ಇರುವ ಕಾರಿನ ಬೆಲೆ. ಅದನ್ನು ಎಸ್ ಕಾರಿಗೆ ಅಂಟಿಸುವುದು ಪಕ್ಕದ ಮನೆಯ ಹುಡುಗನ ರ‍್ಯಾಂಕನ್ನು ನಮ್ಮ ಹುಡುಗನಿಗೆ ಹೇಳಿಕೊಂಡಂತೆ. ತೆರಿಗೆ ಇಲ್ಲವಲ್ಲ ಎನ್ನುತ್ತಾರೆ. ನಿಜ, ಇಲ್ಲಿ ಖಾಸಗಿ ಕಾರು ಮಾರಿದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ಕಾರು ಸವೆದುಹೋಗುವ ವಸ್ತು ಎಂದು ಕಾನೂನೇ ಒಪ್ಪಿಕೊಂಡಿರುವುದರಿಂದ ನಷ್ಟವನ್ನೂ ಕಳೆಯುವಂತಿಲ್ಲ. ಮಾರುವುದಕ್ಕೆಂದೇ ಕೊಂಡು ಸರಿಮಾಡಿದರೆ ಅದು ವ್ಯಾಪಾರ, ಆದಾಯ ತೆರಿಗೆ ಬರುತ್ತದೆ. ತೆರಿಗೆಯವರ ಪುಸ್ತಕದಲ್ಲೂ ಅದು ಹೂಡಿಕೆಯಲ್ಲ.

ಮೂರನೆಯ ವಾದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. "ನೀವು ಕಂತಿನಲ್ಲಿ ಹೊಸ ಕಾರು ತಂದು, ಮೂರು ವರ್ಷ ದುಡ್ಡು ಕಟ್ಟಿ, ಕೊನೆಗೆ ದೊಡ್ಡ ಮೊತ್ತ ಕಟ್ಟಲಾರದೆ ವಾಪಸು ಕೊಡ್ತೀರಲ್ಲ, ಅದು ಜಾಣತನವೇ?" ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ಅಲ್ಲ. ಅದೂ ಖರ್ಚೇ. ನಮ್ಮವರು ಅದನ್ನು ಗೌರವದ ಖರ್ಚು ಎಂದೂ, ಕೈಗೆ ಗ್ರೀಸ್ ಹತ್ತಿದರೆ ಹುಚ್ಚು ಎಂದೂ ಭಾವಿಸುತ್ತಾರೆ. ಇದು ನಮ್ಮ ಓದಿದವರ ರೋಗ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಇದ್ದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳನ್ನು ಇಂದಿಗೂ ಬಿಚ್ಚಿ ಜೋಡಿಸುವವರು ಕರ್ನಾಟಕದ ತುಂಬಾ ಇದ್ದಾರೆ. ನಾನು ಬಲ್ಲವರಲ್ಲಿ ಯಾರೂ ಅದರಿಂದ ದುಡ್ಡು ಬರುತ್ತದೆ ಎಂದು ಹೇಳಿದ್ದಿಲ್ಲ. ಇಷ್ಟ, ಅದಕ್ಕೇ ಮಾಡ್ತೀನಿ ಎನ್ನುತ್ತಾರೆ. ಅವರ ಗಾಡಿಯ ಮೇಲೆ ನಾನು ಧೈರ್ಯವಾಗಿ ಕೂರುತ್ತೇನೆ. ಅವರಿಗೆ ಎಲ್ಲಿಯೂ ಉಳಿಸುವ ತುರ್ತಿಲ್ಲ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ಲಾಭ ಬರುತ್ತದೆ ಎಂದು ಹೇಳಿರಲಿಲ್ಲ. ಕಾರು ಕಟ್ಟಿ ನೋಡುವುದನ್ನೂ ಆ ಸಾಲಿಗೇ ಸೇರಿಸಿ. ಕೊಳ್ಳುವ ಹಣ ಪೂರ್ತಿ ಹೋದರೂ ಮನೆ ನಡೆಯುತ್ತದೆಯೇ ಎಂದು ಮೊದಲು ನೋಡಿ. ಹಣ ಕೊಡುವ ಮುಂಚೆ ಬಲ್ಲವರೊಬ್ಬರನ್ನು ಕಾರಿನ ಕೆಳಗೆ ಮಲಗಿಸಿ. ಕೆಲಸ ಮುಗಿದ ಮೇಲೆ ಚಾಸಿ ಅಳತೆಯ ಚೀಟಿ, ಏರ್‌ಬ್ಯಾಗಿನ ಬಿಲ್ಲು, ಬಿಚ್ಚಿದಾಗಿನ ಫೋಟೋ ಎಲ್ಲ ಒಂದು ಫೈಲಿನಲ್ಲಿಡಿ. ಮಾರುವ ದಿನ ಬಂದರೆ ಕೊಳ್ಳುವವನು ಕೇಳುವ ಮುಂಚೆಯೇ ಆ ಫೈಲು ಅವನ ಕೈಗೆ ಕೊಡಿ. ಹಾಗೆ ಕೊಡಲಾರದ ರಿಪೇರಿಯನ್ನು ಮಾಡಲೇಬೇಡಿ.

ಆ ಬೆಳ್ಳಿ ಕಾರನ್ನು ನಾನು ಕೊಳ್ಳಲಿಲ್ಲ. ಎರಡು ವಾರದಲ್ಲಿ ಜಾಹೀರಾತು ಮಾಯವಾಯಿತು, ಯಾರೋ ಕೊಂಡಿದ್ದಾರೆ. ಯಾವುದೋ ಸೀಟಿನಲ್ಲಿ ಯಾರದೋ ಮಗಳು ಕೂರುತ್ತಾಳೆ ಎಂಬುದು ಆಗಾಗ ನೆನಪಾಗುತ್ತದೆ. ಮಾರುವವನಿಗೆ ಹಿರಿಯರು ಅಲ್ಲೇ ಮುಖದ ಮೇಲೆ ಹೇಳಿದ್ದರು, ಅವನು ನಕ್ಕು ಸುಮ್ಮನಾಗಿದ್ದ. ಈಗ ನಾನು ಹುಡುಕುತ್ತಿರುವುದು ಯಾರೂ ಕೈಹಾಕದ, ಪೆಟ್ಟು ಪೂರ್ತಿ ಕಣ್ಣಿಗೆ ಕಾಣುವ ಒಂದು ಎನ್ ಕಾರನ್ನು. ಸಿಗಬಹುದು, ಸಿಗದೇ ಹೋಗಬಹುದು. ಶೀಟು ಸಿದ್ಧವಿದೆ. ಅದರಲ್ಲಿ ಮಾರಾಟ ಬೆಲೆಯ ಸಾಲನ್ನೇ ಹಾಕಿಲ್ಲ. ಹೆಂಡತಿ ನೋಡಿ, ಶನಿವಾರ ಭಾನುವಾರಗಳ ಸಾಲು ಇದೆಯೋ ಇಲ್ಲವೋ ಎಂದು ಪರೀಕ್ಷಿಸಿ, ಮೇಲುಗಡೆ ತನ್ನ ಕೈಯಿಂದಲೇ "ಖರ್ಚು" ಎಂದು ಬರೆದಿದ್ದಾಳೆ.