ಅಡಕೆಗೆ ಹೋದ ಮಾನ

ಮನೆಯಲ್ಲಿ ಮಗನೊಬ್ಬನು ತಪ್ಪು ಮಾಡಿದರೆ ಅವನ ಕಿವಿ ಹಿಂಡುವುದು ಸುಲಭ. ಆ ತಪ್ಪಿಗೆ ದಾರಿ ತೋರಿದವರು ಹಿರಿಯರೇ ಎಂದು ತಿಳಿದುಬಂದರೆ ದಂಡನೆಯು ಯಾರಿಗೆ ಸಲ್ಲತಕ್ಕದ್ದು? ಈ ತಿಂಗಳು ವಾಚಕರ ಮುಂದಿಡುವ ಅಮೆರಿಕಾ ದೇಶದ ಪ್ರಸಂಗವು ಈ ಪ್ರಶ್ನೆಯನ್ನೇ ಎತ್ತುವಂಥದು.

ಆ ದೇಶದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ, ಹೆಸರು ಕಾಲ್ಚೆಂಡಾದರೂ, ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದೇ ಓಡುವರು. ಅಲ್ಲಿಯ ಕಾಲೇಜುಗಳಲ್ಲಿ ಅದು ಬಿಡುವಿನ ವಿನೋದವಾಗಿ ಉಳಿದಿಲ್ಲ. ಲಕ್ಷ ಜನರು ಕುಳಿತು ನೋಡುವಷ್ಟು ವಿಶಾಲವಾದ ಕ್ರೀಡಾಂಗಣಗಳು ಕೆಲವು ವಿಶ್ವವಿದ್ಯಾಲಯಗಳಿಗಿವೆ. ಟಿಕೆಟಿನಿಂದಲೂ ಟೆಲಿವಿಷನ್ನಿನಿಂದಲೂ ಹಣವು ಹರಿದುಬರುತ್ತದೆ. ಆದರೆ ಆಡುವ ಹುಡುಗನು ವಿದ್ಯಾರ್ಥಿ. ಶುಲ್ಕ, ಊಟ, ವಸತಿ, ಪುಸ್ತಕ, ಇಷ್ಟರ ಹೊರತು ಅವನು ಹಣವನ್ನು ಮುಟ್ಟಕೂಡದೆಂಬುದು ಬಹುಕಾಲ ನಡೆದುಬಂದ ನಿಯಮ. ಒಂದು ಕಡೆ ಗೆಲುವಿನ ಹಂಬಲ, ಇನ್ನೊಂದು ಕಡೆ ಬರಿಗೈಯ ಆಟಗಾರ; ಇವೆರಡರ ನಡುವೆ ಶ್ರೀಮಂತ ಅಭಿಮಾನಿಗಳ ಥೈಲಿಯು ಗುಟ್ಟಾಗಿ ಬಿಚ್ಚಿಕೊಂಡಿತು. ಇದು ಹೊಸ ರೋಗವೇನೂ ಅಲ್ಲ. 1929ರಲ್ಲಿಯೇ ಕಾರ್ನೆಗೀ ಪ್ರತಿಷ್ಠಾನವು ನೂರಕ್ಕೂ ಮಿಕ್ಕ ವಿದ್ಯಾಸಂಸ್ಥೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಬಹುಪಾಲು ಆಟಗಾರರಿಗೆ ಹಣದ ನೆರವಿನ ಆಮಿಷವೊಡ್ಡುತ್ತಿವೆಯೆಂದು ವರದಿ ಮಾಡಿತ್ತು.

ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವಿದೆ. ಕ್ರೈಸ್ತ ಧರ್ಮಸಂಸ್ಥೆಯೊಂದು ಸ್ಥಾಪಿಸಿದ ವಿದ್ಯಾಪೀಠವಿದು. 1980ರ ದಶಕದ ಆದಿಯಲ್ಲಿ ಇದರ ತಂಡವು ದೇಶದಲ್ಲಿಯೇ ಮುಂದಿನ ಸಾಲಿನಲ್ಲಿತ್ತು. ಆಟಗಾರರಿಗೆ ಆಮಿಷವೊಡ್ಡಿದ ತಪ್ಪಿಗಾಗಿ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವು 1985ರಲ್ಲಿ ಇದನ್ನು ಮೂರು ವರ್ಷಗಳ ನಿಗಾವಣೆಗೆ ಒಳಪಡಿಸಿತು. ಇನ್ನು ಮುಂದೆ ಸರಿಯಾದೀತೆಂದು ಹೊರಗಿನವರು ನಂಬಿದರು. ಒಳಗೆ ನಡೆದುದೇ ಬೇರೆ. ಹಣ ಕೊಡುವೆವೆಂದು ಮೊದಲೇ ಮಾತು ಕೊಟ್ಟ ಆಟಗಾರರಿಗೆ, ಅವರ ವಿದ್ಯಾಭ್ಯಾಸ ಮುಗಿಯುವವರೆಗೂ ಗುಟ್ಟಾಗಿ ಕೊಡುತ್ತಲೇ ಇರುವುದೆಂದು ಹಿರಿಯರು ನಿಶ್ಚಯಿಸಿದರು. ಕೊಟ್ಟ ಮಾತು ತಪ್ಪಬಾರದಂತೆ! ಸಂಘಕ್ಕೆ ಕೊಟ್ಟ ಮಾತು ತಪ್ಪಿದರೆ ಚಿಂತೆಯಿಲ್ಲ.

1986ರ ನವೆಂಬರಿನಲ್ಲಿ ಹಳೆಯ ಆಟಗಾರನೊಬ್ಬನು ತಾನು ಹಣ ಪಡೆದುದನ್ನು ಟೆಲಿವಿಷನ್ನಿನಲ್ಲಿ ಬಹಿರಂಗಪಡಿಸಿದನು. ಆ ವರ್ಷ ಮುಗಿಯುವುದರೊಳಗೆ ವಿಶ್ವವಿದ್ಯಾಲಯದ ಅಧ್ಯಕ್ಷರೂ ಕ್ರೀಡಾ ನಿರ್ದೇಶಕರೂ ತರಬೇತುದಾರರೂ ಸ್ಥಾನ ಬಿಟ್ಟಿದ್ದರು. 13 ಮಂದಿ ಆಟಗಾರರಿಗೆ ಸುಮಾರು 61,000 ಡಾಲರುಗಳು ಸಂದಿದ್ದುವೆಂದು ವಿಚಾರಣೆಯಲ್ಲಿ ಕಂಡುಬಂದಿತು. 1987ರ ಫೆಬ್ರವರಿ 25ರಂದು ಸಂಘವು ಆ ವರ್ಷದ ಆಟವನ್ನೇ ಪೂರ್ತಿ ರದ್ದುಮಾಡಿತು. ಜನರು ಇದನ್ನು ಮರಣದಂಡನೆಯೆಂದೇ ಕರೆದರು. 1988ರಲ್ಲಿ ಪರಸ್ಥಳದ ಪಂದ್ಯಗಳಿಗೆ ಅನುಮತಿಯಿದ್ದರೂ ಆಡಲು ಸಾಕಷ್ಟು ಆಟಗಾರರೇ ಉಳಿಯಲಿಲ್ಲವಾಗಿ, ವಿಶ್ವವಿದ್ಯಾಲಯವೇ ಅವುಗಳನ್ನು ಕೈಬಿಟ್ಟಿತು.

ದಂಡನೆಯಾದ ಒಂದು ವಾರದಲ್ಲಿ ಇನ್ನೊಂದು ಸಂಗತಿಯು ಹೊರಬಿದ್ದಿತು. ಬಿಲ್ ಕ್ಲೆಮೆಂಟ್ಸ್ ಎಂಬವರು ಆ ವರ್ಷದ ಜನವರಿಯಲ್ಲಿ ಟೆಕ್ಸಾಸಿನ ಗವರ್ನರಾಗಿ ಅಧಿಕಾರ ವಹಿಸಿದ್ದರು; ಅದಕ್ಕೆ ಮುನ್ನ ವಿಶ್ವವಿದ್ಯಾಲಯದ ಆಡಳಿತ ಮಂಡಲಿಯ ಮುಖ್ಯಸ್ಥರಾಗಿದ್ದವರು. ಹಣ ಮುಂದುವರಿಸುವ ನಿಶ್ಚಯದಲ್ಲಿ ತಮ್ಮ ಪಾಲೂ ಇತ್ತೆಂದು ಅವರು ಒಪ್ಪಿಕೊಂಡರು. ಆ ಮಂಡಲಿಯನ್ನು ವಿಸರ್ಜಿಸಲಾಯಿತು. ಆದರೆ ಗವರ್ನರ ಪದವಿಯಲ್ಲಿ ಅವರು ಅವಧಿ ಮುಗಿಯುವವರೆಗೂ, ಅಂದರೆ 1991ರವರೆಗೆ, ಉಳಿದರು. ಇತ್ತ, ಒಂದು ಕಾಸನ್ನೂ ಮುಟ್ಟದ ಹುಡುಗರು ತಂಡವನ್ನು ಕಳೆದುಕೊಂಡು ಬೇರೆ ಕಾಲೇಜುಗಳ ಬಾಗಿಲು ತಟ್ಟಬೇಕಾಯಿತು. ತಂಡವು 1989ರಲ್ಲಿ ಮತ್ತೆ ಅಂಗಣಕ್ಕೆ ಇಳಿದರೂ, ಋತುವಿನ ಕೊನೆಗೆ ಆಯ್ದ ತಂಡಗಳಷ್ಟೇ ಆಡುವ ಗೌರವದ ಪಂದ್ಯಕ್ಕೆ ಆಹ್ವಾನ ಬರಲು 2009ರವರೆಗೆ ಕಾಯಬೇಕಾಯಿತು. ಅಂಥ ದೊಡ್ಡ ಫುಟ್‌ಬಾಲ್ ತಂಡಕ್ಕೆ ಆ ಶಿಕ್ಷೆಯನ್ನು ಸಂಘವು ಮತ್ತೆ ವಿಧಿಸಿಲ್ಲ.

ಈಗ ಕಾಲ ತಿರುಗಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಬಹುದಾಯಿತು. 2025ರ ಜೂನಿನಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯ ಮೇರೆಗೆ, ವಿಶ್ವವಿದ್ಯಾಲಯಗಳು ತಾವೇ ಆಟಗಾರರಿಗೆ ಪಾಲು ಕೊಡಬಹುದು; ಮೊದಲ ವರ್ಷಕ್ಕೆ ಪ್ರತಿಯೊಂದು ವಿಶ್ವವಿದ್ಯಾಲಯಕ್ಕೂ ಗೊತ್ತಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರು! ಹಾಗಾದರೆ ಅಂದು ನಡೆದುದು ತಪ್ಪೇ ಅಲ್ಲವೋ ಎಂದು ಯಾರಾದರೂ ಕೇಳಿಯಾರು.

ದುಡಿದವನು ಕೂಲಿ ಪಡೆಯುವುದು ತಪ್ಪಲ್ಲ. ಹುಡುಗರ ಮೈಮುರಿದ ಆಟದಿಂದ ಎಲ್ಲರೂ ಗಳಿಸಿ ಅವರಿಗೆ ಮಾತ್ರ ಇಲ್ಲವೆಂಬ ಆ ನಿಯಮವೇ ನ್ಯಾಯದ್ದಾಗಿರಲಿಲ್ಲವೆಂದು ವಾದಿಸಲೂಬಹುದು. ಆದರೆ ಆ ಹಿರಿಯರು ನಿಯಮವನ್ನು ಬದಲಿಸಿರೆಂದು ಸಭೆಯಲ್ಲಿ ನಿಂತು ಕೇಳಲಿಲ್ಲ. ಅದನ್ನು ಪಾಲಿಸುವೆವೆಂದು ಹೇಳಿ ಕತ್ತಲೆಯಲ್ಲಿ ಮುರಿದರು, ಹದಿಹರೆಯದವರಿಗೆ ಸುಳ್ಳನ್ನು ಕಲಿಸಿದರು. ಓದು ಕಲಿಸಬೇಕಾದ ಸ್ಥಳದಲ್ಲಿ ಕಲಿತ ಪಾಠ ಅದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ನಿಯಮವು ತಿದ್ದಲ್ಪಟ್ಟಿತು, ಹಣವೂ ಈಗ ರಾಜಮಾರ್ಗದಲ್ಲಿಯೇ ಬರುತ್ತಿದೆ. ಆದರೆ ಲೆಕ್ಕ ಕೇಳುವಾಗ ಮೊದಲು ಮೇಲಿನ ಪೀಠವನ್ನು ಕೇಳಬೇಕೆಂಬ ನೀತಿಯು ನೆಲೆಗೊಳ್ಳದಿದ್ದರೆ, ಹೊಸ ಹಣವು ಹಳೆಯ ಗುಟ್ಟುಗಳನ್ನೇ ಹುಟ್ಟಿಸೀತು. 61,000 ಡಾಲರು ಆ ಧನಿಕರಿಗೆ ಅಡಕೆಯಷ್ಟೇ. ಅಡಕೆಗೆ ಹೋದ ಮಾನವು ಆನೆ ಕೊಟ್ಟರೂ ಬಾರದೆಂಬುದನ್ನು ಹಿರಿಯರೆನಿಸಿಕೊಂಡವರೆಲ್ಲರೂ ನೆನೆಯತಕ್ಕದ್ದು.