ಬೂದಿ ಬುಧವಾರ ಮತ್ತು ನಮ್ಮ ರಮಝಾನ್

ಬೇಸಿಗೆ ಬಲಿತು ಹೇಮಾವತಿಯ ಹಿನ್ನೀರು ಇಳಿಯತೊಡಗಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಬುಡದವರೆಗೂ ಕಾಣಿಸುತ್ತವೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಈ ಚರ್ಚು ಗೊರೂರಿನ ಅಣೆಕಟ್ಟಿನ ನೀರಿಗೆ ಸಿಕ್ಕಿತು. ಊರಿನವರು ಬೇರೆಡೆಗೆ ಹೋಗಿ ನೆಲೆಸಿದರು. ಕಟ್ಟಾಯ ಸೀಮೆಯ ನಮ್ಮ ಹುಡುಗರಿಗೆ ಅದೀಗ ಫೋಟೋ ತೆಗೆಸಿಕೊಳ್ಳುವ ಜಾಗ. ಅಲ್ಲಿ ಪ್ರಾರ್ಥಿಸುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ನಮ್ಮ ನೆರೆಹೊರೆಯಲ್ಲೇ ಬದುಕುತ್ತಿದ್ದಾರೆ, ನೀರು ಇಳಿಯುವ ಈ ದಿನಗಳಲ್ಲಿ ಅವರೂ ಉಪವಾಸ ವ್ರತದಲ್ಲಿರುತ್ತಾರೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

2025ರಲ್ಲಿ ನಮ್ಮ ಮೊದಲ ಉಪವಾಸ ಮಾರ್ಚ್ 2ರಂದು. ಅವರ ಬೂದಿ ಬುಧವಾರ ಮಾರ್ಚ್ 5ರಂದು. ಕನ್ನಡ ಕ್ರೈಸ್ತರು ತಪಸ್ಸುಕಾಲವೆಂದು ಕರೆಯುವ ನಲವತ್ತು ದಿನಗಳು ಅಂದು ಆರಂಭವಾಗುತ್ತವೆ. ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನು ಪಾದ್ರಿಗಳು ಹಣೆಗೆ ಹಚ್ಚಿ, ಮಣ್ಣಿನಿಂದ ಬಂದವನು ಮಣ್ಣಿಗೇ ಮರಳುವೆ ಎಂದು ನೆನಪಿಸುತ್ತಾರೆ. ಮಯ್ಯಿತ್ತನ್ನು ಕಬರಿನಲ್ಲಿಟ್ಟು ಮೂರು ಹಿಡಿ ಮಣ್ಣು ಹಾಕುವಾಗ ನಾವು ಓದುವ ಆಯತ್ತಿನ ಅರ್ಥವೂ ಅದೇ ತಾನೆ! ಪ್ರಾರ್ಥನೆ, ಉಪವಾಸ, ದಾನ ಎಂಬ ಮೂರು ಅವರ ತಪಸ್ಸುಕಾಲದ ಆಧಾರಸ್ತಂಭಗಳು. ಶುಕ್ರವಾರಗಳಂದು ಮಾಂಸ ವರ್ಜ್ಯ, ಶಿಲುಬೆಯ ಹಾದಿಯ ಪ್ರಾರ್ಥನೆ. ಪಾದ್ರಿಯ ಮುಂದೆ ಪಾಪನಿವೇದನೆ. ಈಸಾ(ಅ)ರ ವಿಷಯದಲ್ಲಿ ನಮಗೂ ಅವರಿಗೂ ಇರುವ ವಿಶ್ವಾಸದ ಭಿನ್ನತೆ ಮೂಲಭೂತವಾದುದು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ನಿಮಗಿಂತ ಹಿಂದಿನವರಿಗೂ ಉಪವಾಸ ವಿಧಿಸಲಾಗಿತ್ತೆಂದು ಸ್ವತಃ ಅಲ್ಲಾಹನೇ ಹೇಳಿರುವಾಗ, ಆ ಹಿಂದಿನವರು ಉಪವಾಸದಲ್ಲಿ ಏನು ಮಾಡುತ್ತಾರೆಂದು ನೋಡುವುದರಲ್ಲಿ ತಪ್ಪೇನಿದೆ?

ನಮ್ಮ ಗಮನ ಸೆಳೆದದ್ದು ಒಂದೇ ಸಂಗತಿ. ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದ್ದರೆ ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು, ಮೊದಲು ಅವನೊಂದಿಗೆ ಸಮಾಧಾನವಾಗಿ ಬಾ ಎಂಬ ಬೋಧನೆ ಅವರ ಇಂಜೀಲಿನಲ್ಲಿದೆ. ತಪಸ್ಸುಕಾಲದಲ್ಲಿ ಈ ಮಾತಿಗೆ ವಿಶೇಷ ಒತ್ತು. ಅಮೆರಿಕದ ಕೆಲವು ಚರ್ಚುಗಳಲ್ಲಿ ಬಿಳಿಯರೂ ಕರಿಯರೂ ಜೊತೆಯಾಗಿ ಕುಳಿತು ವರ್ಣಭೇದದ ಪಾಪವನ್ನು ಹೇಳಿಕೊಳ್ಳಲು ಈ ದಿನಗಳನ್ನೇ ಬಳಸುತ್ತಾರೆ. ನಮ್ಮ ನಾಡಿನಲ್ಲಿ ವರ್ಣದ ಜಾಗದಲ್ಲಿ ಜಾತಿ ನಿಂತಿದೆ. ದೀಕ್ಷಾಸ್ನಾನದ ನೀರು ಜಾತಿಯನ್ನು ತೊಳೆಯಲಿಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಎಂಬಲ್ಲಿ ಮೇಲ್ಜಾತಿಯವರೂ ಕೆಳಜಾತಿಯವರೂ ಒಬ್ಬರನ್ನೊಬ್ಬರು ಬೆರೆಯದಂತೆ ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಅಂಗಗಳ ಚರ್ಚನ್ನೇ ಕಟ್ಟಿದ್ದರು. ಎಷ್ಟೋ ಕಡೆ ಸ್ಮಶಾನಗಳೂ ಬೇರೆ.

ಆದರೆ 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ ದಲಿತ ಸಬಲೀಕರಣ ನೀತಿಯೊಂದನ್ನು ಪ್ರಕಟಿಸಿ, ಚರ್ಚಿನ ಒಳಗೇ ಅಸ್ಪೃಶ್ಯತೆ ಇದೆಯೆಂದು ಲಿಖಿತವಾಗಿ ಒಪ್ಪಿಕೊಂಡಿತು. ದೇಶದ ಸುಮಾರು 1 ಕೋಟಿ 90 ಲಕ್ಷ ಕ್ಯಾಥೊಲಿಕರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರೆಂದೂ ಅದು ಹೇಳಿತು. ಅದರಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳುತ್ತಿಲ್ಲ. ದಲಿತ ಕ್ರೈಸ್ತರೇ ಹಾಗೆ ಹೇಳುವುದಿಲ್ಲ. ಆದರೂ ಪಾಪಕ್ಕೆ ಅದರ ಹೆಸರಿನಿಂದಲೇ ಕರೆಯುವ ಧೈರ್ಯ ಸಣ್ಣದಲ್ಲ. ತಪಸ್ಸುಕಾಲದ ಕೊನೆಯ ಗುರುವಾರ ಪಾದ್ರಿಗಳು ಹನ್ನೆರಡು ಮಂದಿಯ ಪಾದ ತೊಳೆಯುವ ಪದ್ಧತಿಯಿದೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಅಲ್ಲಿದ್ದವರ ಪಾದ ತೊಳೆದರು. ಅವರಲ್ಲಿ ಒಬ್ಬ ಮುಸ್ಲಿಮ್ ಯುವತಿಯೂ ಇದ್ದಳು.

ಇಲ್ಲಿ ಓದುಗ ಬಂಧುಗಳು ಕೇಳಬಹುದು: ಜಾತಿ ಅವರ ಕಾಯಿಲೆ, ಇಸ್ಲಾಮಿನಲ್ಲಿ ಜಾತಿಯೆಲ್ಲಿದೆ? ಇಸ್ಲಾಮಿನಲ್ಲಿ ಇಲ್ಲ, ನಿಜ. ಮುಸ್ಲಿಮರಲ್ಲಿ ಇದೆ. ಈ ಎರಡು ವಾಕ್ಯಗಳ ನಡುವೆ ನಾವು ಬಹಳ ಸುಖವಾಗಿ ಅಡಗಿಕೊಂಡಿದ್ದೇವೆ.

ಅಬೂದರ್(ರ) ಒಮ್ಮೆ ಕೋಪದಲ್ಲಿ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಂಗಿಸಿದರು. ಆ ವ್ಯಕ್ತಿ ಬಿಲಾಲ್(ರ) ಎಂದೂ, ಹಂಗಿಸಿದ್ದು ತಾಯಿಯ ಕಪ್ಪು ಬಣ್ಣವನ್ನೆಂದೂ ವಿದ್ವಾಂಸರು ಹೇಳುತ್ತಾರೆ. ಪ್ರವಾದಿ(ಸ)ರು ಅದನ್ನು ಸಣ್ಣ ಮಾತೆಂದು ಬಿಡಲಿಲ್ಲ. ನಿನ್ನೊಳಗೆ ಇನ್ನೂ ಅಜ್ಞಾನಕಾಲ ಉಳಿದಿದೆ ಎಂದು ನೇರವಾಗಿ ಗದರಿದರು. ಅಬೂದರ್‌ರಂತಹ ಸಹಾಬಿಯೊಳಗೆ ಅದು ಉಳಿದಿರಬಹುದಾದರೆ ಕಟ್ಟಾಯ, ಅರಕಲಗೂಡು, ಹೊಳೆನರಸೀಪುರದ ನಮ್ಮೊಳಗೆ ಇರಲಾರದೆ? ನಮ್ಮದೇ ರಾಜ್ಯದ ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಬಿಲಾಲರ ಬಣ್ಣದ, ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಅವರಲ್ಲಿ ಕ್ರೈಸ್ತರೂ ಹಿಂದೂಗಳೂ ಇರುವಂತೆ ಮುಸ್ಲಿಮರೂ ಇದ್ದಾರೆ. ಬಿಲಾಲರ ಕಥೆಗೆ ಕಣ್ಣೀರು ಹಾಕುವ ನಾವು ಸಿದ್ದಿ ಮನೆಯಿಂದ ಸೊಸೆ ತರುವೆವೇ? ಅಷ್ಟು ದೂರವೇಕೆ, ಹತ್ತಿ ಹಿಂಜುವ ಪಿಂಜಾರರ ಮನೆಯಿಂದ, ದರವೇಶಿಗಳ ಮನೆಯಿಂದ?

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಊರಿನಲ್ಲಿ ಸಂಬಂಧದ ಮಾತೊಂದು ನಮ್ಮ ಮುಂದೆಯೇ ನಡೆಯಿತು. ಹುಡುಗ ಹಾಫಿಝ್, ದುಡಿಯುವವನು, ನಡತೆಯಲ್ಲಿ ಒಂದು ಕಪ್ಪುಚುಕ್ಕೆಯಿಲ್ಲ. ಹುಡುಗಿಯ ತಂದೆ ಎಲ್ಲವನ್ನೂ ಕೇಳಿ, ಚಹಾ ಮುಗಿಸಿ, ಗಾದಿ ಹೊಲಿಯುವವರ ಮನೆಗೆ ನಮ್ಮ ಹುಡುಗಿಯನ್ನು ಹೇಗೆ ಕೊಡುವುದು ಹಜ್ರತ್ ಎಂದರು. ಹುಡುಗನ ತಂದೆ ಅಲ್ಲಿಯೇ, ಬಾಗಿಲ ಬಳಿ ಕುಳಿತಿದ್ದರು. ನಾವು ಸುಮ್ಮನಿದ್ದೆವು. ಮಸೀದಿಯ ಛಾವಣಿಗೆ ಆ ಹುಡುಗಿಯ ತಂದೆಯ ಚಂದಾ ಬರಬೇಕಿತ್ತು ಎಂಬುದನ್ನೂ ಇಲ್ಲಿ ಬರೆಯದೆ ಹೋದರೆ ಈ ಲೇಖನಕ್ಕೆ ಅರ್ಥವಿಲ್ಲ. ಅದರ ಹಿಂದಿನ ಜುಮಾದ ದಿನ ನಾವು ಪ್ರವಾದಿ(ಸ)ರ ಅಂತಿಮ ಹಜ್ಜಿನ ಭಾಷಣದ ಬಗ್ಗೆ ಅರ್ಧ ಗಂಟೆ ಮಾತನಾಡಿದ್ದೆವು.

ಒಪ್ಪಿಕೊಳ್ಳಬೇಕಾದ ಇನ್ನೊಂದು ವಿಷಯ ಕ್ರೈಸ್ತ ನೆರೆಯವರಿಗೇ ಸಂಬಂಧಿಸಿದ್ದು. 1784ರ ಬೂದಿ ಬುಧವಾರದಂದು ಟಿಪ್ಪು ಸುಲ್ತಾನರ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರೆಂಬುದು ಆ ಸಮುದಾಯದ ನೆನಪು. ಸಂಖ್ಯೆಯಲ್ಲಿ ಚರಿತ್ರೆಕಾರರಿಗೆ ಒಮ್ಮತವಿಲ್ಲ, ಆದರೆ ಹತ್ತಾರು ಸಾವಿರ ಜನ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಚದುರಿದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಮೈಸೂರು ಸೀಮೆಯಲ್ಲಿ ಅವರಿಗಾಗಿ ಕೃಷಿ ನೆಲೆಗಳನ್ನು ಸ್ಥಾಪಿಸಿದರು. ಟಿಪ್ಪುವನ್ನು ನಾವು ಪ್ರೀತಿಸುತ್ತೇವೆ. ಬ್ರಿಟಿಷರ ಮುಂದೆ ಮಂಡಿಯೂರದೆ ಪ್ರಾಣ ಕೊಟ್ಟವರು, ಶೃಂಗೇರಿ ಮಠಕ್ಕೆ ನೆರವಾದವರು. ಅವರನ್ನು ರಾಕ್ಷಸನೆಂದು ಚಿತ್ರಿಸುವವರ ಉದ್ದೇಶವೂ ನಮಗೆ ಗೊತ್ತಿದೆ. ಕ್ಯಾಥೊಲಿಕರು ಶತ್ರುವಿಗೆ ನೆರವಾದರೆಂಬುದು ಅಂದಿನ ಆರೋಪ. ಕೆಲವರು ನೆರವಾಗಿದ್ದಿರಬಹುದು. ಆದರೆ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬ ಕುರ್‌ಆನಿನ ನಿಯಮದಲ್ಲಿ ತೊಟ್ಟಿಲ ಮಗುವಿಗೆ ಶಿಕ್ಷೆಯೆಲ್ಲಿದೆ? ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿರಿ, ಅದು ಸ್ವತಃ ನಿಮಗೆ ವಿರುದ್ಧವಾದರೂ ಸರಿ ಎಂಬ ಆಜ್ಞೆ ಇರುವುದು ಇಂತಹ ಕಡೆಗೇ. ಇಂದು ಒಬ್ಬನ ತಪ್ಪಿಗೆ ಇಡೀ ಮುಸ್ಲಿಮ್ ಕೇರಿಯನ್ನು ಹೊಣೆ ಮಾಡುವಾಗ ನಾವು ಇದೇ ಆಯತ್ತುಗಳನ್ನು ಎತ್ತಿ ತೋರಿಸುತ್ತೇವಲ್ಲವೆ?

ಉಪವಾಸ, ನಮಾಝ್, ದಾನಗಳಿಗಿಂತಲೂ ಶ್ರೇಷ್ಠವಾದುದನ್ನು ತಿಳಿಸಲೇ ಎಂದು ಪ್ರವಾದಿ(ಸ)ರು ಸಹಾಬಿಗಳನ್ನು ಕೇಳಿದ್ದರು. ಅವರು ಕೊಟ್ಟ ಉತ್ತರ, ಮುರಿದ ಸಂಬಂಧಗಳನ್ನು ಕೂಡಿಸುವುದು. ಆದುದರಿಂದ ಜಮಾಅತ್‌ಗಳ ಹಿರಿಯರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಶಾಬಾನಿನ ಕೊನೆಯ ವಾರ ಮಸೀದಿಗೆ ಸುಣ್ಣ ಬಳಿಸುವ, ಇಫ್ತಾರಿನ ಖರ್ಜೂರ ತರಿಸುವ ಸಭೆ ಸೇರುತ್ತೀರಿ. ಅದೇ ಸಭೆಯಲ್ಲಿ, ನಮ್ಮ ಊರಿನಲ್ಲಿ ಯಾರ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ, ಯಾರು ಎಂದೂ ಕಮಿಟಿಗೆ ಬಂದಿಲ್ಲ ಎಂಬುದನ್ನು ಬರೆದುಕೊಂಡು ಆ ಮನೆಗಳಿಗೆ ಹೋಗಿ. ಉಪದೇಶಕ್ಕಲ್ಲ, ಕ್ಷಮೆ ಕೇಳಲು.

ನಾವು ಹೋಗಿದ್ದೆವು, ತಡವಾಗಿ. ಹುಡುಗನಿಗೆ ಬೇರೆಡೆ ಮದುವೆಯಾಗಿ ಒಂದು ಮಗುವೂ ಆಗಿತ್ತು. ಅವನ ತಂದೆ ಅಂಗಳದಲ್ಲಿ ಹತ್ತಿಯ ರಾಶಿಯ ನಡುವೆ ಕುಳಿತಿದ್ದವರು ಎದ್ದು, ಮೈಮೇಲಿನ ಹತ್ತಿಯೆಳೆ ಕೊಡವಿಕೊಂಡು ನಮಗೆ ಕುರ್ಚಿ ಹಾಕಿದರು. ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಹಾಗೆಂದದ್ದು ನನಗೆ ಹೊಸದಲ್ಲ ಹಜ್ರತ್, ಅಂಥದ್ದು ಕೇಳಿಯೇ ಬೆಳೆದೆವು. ನೀವು ಅಂದು ಏನಾದರೂ ಹೇಳುತ್ತೀರೆಂದು ನಿಮ್ಮ ಮುಖ ನೋಡುತ್ತಿದ್ದೆ ಎಂದರು. ಆಮೇಲೆ ಒಳಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡು ಬಂದು, ದುಆ ಮಾಡಿ ಎಂದು ನಮ್ಮ ತೊಡೆಯ ಮೇಲೆ ಕೂರಿಸಿದರು.